ಜೆಫ್ ರಾಸ್ಕಿನ್

ಜೆಫ್ ರಾಸ್ಕಿನ್ (ಮಾರ್ಚ್ 9, 1943 – ಫೆಬ್ರವರಿ 26, 2005) ಅಮೆರಿಕದ ಗಣಕವಿಜ್ಞಾನಿ, ಲೇಖಕ, ಅಧ್ಯಾಪಕ ಮತ್ತು ಸಂಗೀತಗಾರ. ಆಪಲ್ ಸಂಸ್ಥೆಯಲ್ಲಿ 1979ರಲ್ಲಿ ಮ್ಯಾಕಿಂಟಾಷ್ ಯೋಜನೆಯನ್ನು ಆರಂಭಿಸಿದವರು ಇವರು. ಮನುಷ್ಯನ ಗಮನವು ಒಂದು ಹೊತ್ತಿಗೆ ಒಂದೇ ವಿಷಯದಲ್ಲಿ ನೆಲೆಸಬಲ್ಲದು, ಆದ್ದರಿಂದ ಯಂತ್ರವೇ ಆ ಮಿತಿಗೆ ಹೊಂದಿಕೊಳ್ಳಬೇಕು ಎಂಬುದು ಇವರ ಚಿಂತನೆಯ ತಿರುಳು. ಕಂಪ್ಯೂಟರಿನ ಪರದೆಯ ಮೇಲೆ ಹಲವು ವಿಂಡೋಗಳನ್ನು ತೆರೆದಿಟ್ಟು ಕೆಲಸ ಮಾಡುವಾಗ ಆಗುವ ತಪ್ಪುಗಳನ್ನೂ ಕಾಲವ್ಯಯವನ್ನೂ ಅರಿಯಲು ಇವರ ವಿಚಾರಗಳು ಇಂದಿಗೂ ಉಪಯುಕ್ತವಾಗಿವೆ. 2000ದಲ್ಲಿ ಪ್ರಕಟವಾದ 'ದಿ ಹ್ಯೂಮೇನ್ ಇಂಟರ್‌ಫೇಸ್' ಇವರ ಪ್ರಮುಖ ಕೃತಿ.

ಜನನ ಮತ್ತು ವಿದ್ಯಾಭ್ಯಾಸ

ರಾಸ್ಕಿನ್ ನ್ಯೂಯಾರ್ಕ್ ನಗರದ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ಸ್ಟೋನಿ ಬ್ರೂಕ್‌ನಲ್ಲಿರುವ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಗಣಿತ ಮತ್ತು ಭೌತಶಾಸ್ತ್ರಗಳಲ್ಲಿ ಪದವಿ ಪಡೆದರು. ತತ್ತ್ವಶಾಸ್ತ್ರ ಮತ್ತು ಸಂಗೀತವನ್ನು ಉಪವಿಷಯಗಳಾಗಿ ಅಭ್ಯಾಸ ಮಾಡಿದರು. ಮುಂದೆ ಪೆನ್ಸಿಲ್ವೇನಿಯ ರಾಜ್ಯ ವಿಶ್ವವಿದ್ಯಾಲಯವನ್ನು ಸೇರಿ 1967ರಲ್ಲಿ ಗಣಕವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಗಳಿಸಿದರು. ಅಲ್ಲಿ ಅವರು ಬರೆದ ಪ್ರಬಂಧವು ಕಂಪ್ಯೂಟರಿನಿಂದ ಚಿತ್ರ ಬರೆಯುವ ವ್ಯವಸ್ಥೆಯೊಂದನ್ನು ಕುರಿತದ್ದು. ಕಂಪ್ಯೂಟರುಗಳು ಇನ್ನೂ ರಂಧ್ರ ಕೊರೆದ ಕಾರ್ಡುಗಳನ್ನು ಓದಿ ಅಂಕಿಅಕ್ಷರಗಳನ್ನು ಅಚ್ಚು ಹಾಕುತ್ತಿದ್ದ ಕಾಲದಲ್ಲಿ, ಯಂತ್ರದ ವೇಗಕ್ಕಿಂತ ಬಳಸುವವನ ಅನುಕೂಲವೇ ಮುಖ್ಯವೆಂಬ ನಿಲುವು ಅವರಲ್ಲಿ ಆಗಲೇ ರೂಪುಗೊಂಡಿತ್ತು.

ಅಧ್ಯಾಪಕ ವೃತ್ತಿ

ಸಂಗೀತದಲ್ಲಿ ಉನ್ನತ ವ್ಯಾಸಂಗ ಮಾಡಲೆಂದು ರಾಸ್ಕಿನ್ ಸ್ಯಾನ್ ಡಿಯಾಗೊದಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯಕ್ಕೆ ಬಂದರು. ಆ ವ್ಯಾಸಂಗವನ್ನು ಅರ್ಧಕ್ಕೆ ಬಿಟ್ಟು ಅಲ್ಲಿಯೇ ಅಧ್ಯಾಪಕರಾದರು. 1968ರಿಂದ 1974ರವರೆಗೆ ದೃಶ್ಯಕಲಾ ವಿಭಾಗದಲ್ಲಿ ಸಹಾಯಕ ಪ್ರಾಧ್ಯಾಪಕರಾಗಿದ್ದು, ಕಲೆ, ಛಾಯಾಚಿತ್ರಣ ಮತ್ತು ಗಣಕವಿಜ್ಞಾನಗಳನ್ನು ಬೋಧಿಸಿದರು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ನೆರವಿನಿಂದ ಮಾನವಿಕ ಶಾಸ್ತ್ರಗಳ ವಿದ್ಯಾರ್ಥಿಗಳಿಗಾಗಿ ಕಂಪ್ಯೂಟರ್ ಕೇಂದ್ರವೊಂದನ್ನು ಸ್ಥಾಪಿಸಿದರು. ಗಣಿತದ ಹಿನ್ನೆಲೆಯಿಲ್ಲದವರಿಗೆ ಪ್ರೋಗ್ರಾಮಿಂಗ್ ಕಲಿಸುವುದಕ್ಕಾಗಿ 'ಫ್ಲೋ' ಎಂಬ ಸರಳ ಭಾಷೆಯನ್ನು ತಮ್ಮ ವಿದ್ಯಾರ್ಥಿಯೊಬ್ಬರೊಡನೆ ರೂಪಿಸಿದರು. ಆಜ್ಞೆಯ ಮೊದಲ ಅಕ್ಷರಗಳನ್ನು ಒತ್ತಿದೊಡನೆ ಉಳಿದುದನ್ನು ಯಂತ್ರವೇ ಪೂರ್ತಿ ಮಾಡುತ್ತಿದ್ದುದು ಆ ಭಾಷೆಯ ವಿಶೇಷ. ಇದರಿಂದ ಬೆರಳಚ್ಚಿನ ದೋಷಗಳು ಬಹುಮಟ್ಟಿಗೆ ತಪ್ಪಿದವು.

ವಿಶ್ವವಿದ್ಯಾಲಯವನ್ನು ಬಿಡುವಾಗ ಅವರು ಬಿಸಿಗಾಳಿಯ ಬಲೂನಿನಲ್ಲಿ ಕುಲಪತಿಗಳ ನಿವಾಸದ ಮೇಲೆ ಹಾರಿ ತಮ್ಮ ರಾಜೀನಾಮೆಯನ್ನು ಸಾರಿದರೆಂಬ ಪ್ರಸಂಗ ಪ್ರಸಿದ್ಧವಾಗಿದೆ. 1970ರ ದಶಕದ ಮೊದಲ ಭಾಗದಲ್ಲಿ ಅವರು ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಅತಿಥಿ ವಿದ್ವಾಂಸರಾಗಿದ್ದರು. ಸಮೀಪದಲ್ಲಿದ್ದ ಜೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದ ಪರಿಚಯವಾದದ್ದು ಆಗ. ವಿಂಡೋ, ಮೌಸ್ ಮತ್ತು ಚಿತ್ರಸಂಕೇತಗಳಿಂದ ಕೂಡಿದ ಪರದೆಯು ರೂಪುಗೊಂಡದ್ದು ಆ ಕೇಂದ್ರದಲ್ಲಿ.

ಆಪಲ್ ಸಂಸ್ಥೆಯಲ್ಲಿ

1970ರ ದಶಕದ ಮಧ್ಯದಲ್ಲಿ ರಾಸ್ಕಿನ್ 'ಬ್ಯಾನಿಸ್ಟರ್ ಅಂಡ್ ಕ್ರನ್' ಎಂಬ ಸಣ್ಣ ಸಂಸ್ಥೆಯನ್ನು ತೆರೆದು ಕಂಪ್ಯೂಟರುಗಳ ಕೈಪಿಡಿಗಳನ್ನು ಬರೆದುಕೊಡುತ್ತಿದ್ದರು. ಸ್ಟೀವ್ ಜಾಬ್ಸ್ ಮತ್ತು ಸ್ಟೀವ್ ವಾಜ್ನಿಯಾಕ್ ಅವರ ಪರಿಚಯ ಬೆಳೆದು, ಆಪಲ್-2 ಕಂಪ್ಯೂಟರಿನ ಬೇಸಿಕ್ ಭಾಷೆಗೆ ಕೈಪಿಡಿ ಬರೆಯುವ ಕೆಲಸ ಇವರಿಗೆ ದೊರೆಯಿತು. ಜನವರಿ 1978ರಲ್ಲಿ ಇವರು ಆಪಲ್‌ನ 31ನೆಯ ಉದ್ಯೋಗಿಯಾಗಿ, ಪ್ರಕಟಣ ವಿಭಾಗದ ವ್ಯವಸ್ಥಾಪಕರಾಗಿ ಸೇರಿದರು. ತಮ್ಮ ಹಿಂದಿನ ವಿದ್ಯಾರ್ಥಿ ಬಿಲ್ ಅಟ್ಕಿನ್‌ಸನ್ ಅವರನ್ನು ಸಂಸ್ಥೆಗೆ ಕರೆತಂದವರೂ ಇವರೇ. ಅಟ್ಕಿನ್‌ಸನ್ ಮುಂದೆ ಮ್ಯಾಕಿಂಟಾಷ್‌ನ ಚಿತ್ರಣ ತಂತ್ರಾಂಶವನ್ನು ರಚಿಸಿ ಖ್ಯಾತರಾದರು.

ಕೈಪಿಡಿ ಬರೆಯುವ ಕೆಲಸವೇ ರಾಸ್ಕಿನ್ ಅವರಿಗೆ ಯಂತ್ರಗಳ ದೋಷಗಳನ್ನು ತೋರಿಸಿಕೊಟ್ಟಿತು. ಒಂದು ಸಾಧನವನ್ನು ಬಳಸುವ ಕ್ರಮವನ್ನು ವಿವರಿಸಲು ಪುಟಗಟ್ಟಲೆ ಬರೆಯಬೇಕಾದರೆ ತಿದ್ದಬೇಕಾದದ್ದು ಕೈಪಿಡಿಯನ್ನಲ್ಲ, ಸಾಧನವನ್ನು ಎಂಬ ತೀರ್ಮಾನಕ್ಕೆ ಅವರು ಬಂದರು.

ಮ್ಯಾಕಿಂಟಾಷ್ ಯೋಜನೆ

1979ರ ವಸಂತದಲ್ಲಿ ರಾಸ್ಕಿನ್ ಹೊಸ ಕಂಪ್ಯೂಟರೊಂದರ ಪ್ರಸ್ತಾವವನ್ನು ಆಪಲ್‌ನ ಮೈಕ್ ಮಾರ್ಕುಲ ಅವರ ಮುಂದಿಟ್ಟರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಯೋಜನೆ ವಿಧ್ಯುಕ್ತವಾಗಿ ಆರಂಭವಾಯಿತು. ತಮಗೆ ಪ್ರಿಯವಾದ ಮೆಕಿಂಟಾಷ್ ಎಂಬ ಸೇಬಿನ ತಳಿಯ ಹೆಸರನ್ನೇ ಅದಕ್ಕೆ ಇಟ್ಟರು. ಅದೇ ಹೆಸರಿನ ಧ್ವನಿ ಉಪಕರಣ ಸಂಸ್ಥೆಯೊಂದು ಇದ್ದುದರಿಂದ ಕಾಗುಣಿತವನ್ನು ಬದಲಿಸಿದರು. ಸುಮಾರು 500 ಡಾಲರಿಗೆ ದೊರೆಯುವ, ಜನಸಾಮಾನ್ಯರು ಗೃಹೋಪಯೋಗಿ ವಸ್ತುವಿನಂತೆ ಬಳಸಬಲ್ಲ, ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿರುವ ಯಂತ್ರ ಅವರ ಕಲ್ಪನೆಯಾಗಿತ್ತು.

ಜೆರಾಕ್ಸ್ ಕೇಂದ್ರದಲ್ಲಿ ನಡೆಯುತ್ತಿದ್ದ ಕೆಲಸವನ್ನು ನೋಡಬೇಕೆಂದು ಆಪಲ್‌ನವರನ್ನು ಒತ್ತಾಯಿಸಿದವರಲ್ಲಿ ರಾಸ್ಕಿನ್ ಒಬ್ಬರು. ಆದರೆ ಆ ಭೇಟಿಯ ಫಲವಾಗಿ ಬಂದ ಮೌಸ್ ಆಧಾರಿತ ವಿನ್ಯಾಸವನ್ನು ಅವರು ಪೂರ್ತಿಯಾಗಿ ಒಪ್ಪಲಿಲ್ಲ. ಕೈ ಕೀಲಿಮಣೆಯಿಂದ ಮೌಸ್‌ಗೂ ಮೌಸ್‌ನಿಂದ ಕೀಲಿಮಣೆಗೂ ಮತ್ತೆ ಮತ್ತೆ ಅಲೆಯುವುದು ಅವರಿಗೆ ವ್ಯರ್ಥ ಶ್ರಮವಾಗಿ ಕಂಡಿತು.

1981ರಲ್ಲಿ ಸ್ಟೀವ್ ಜಾಬ್ಸ್ ಮ್ಯಾಕಿಂಟಾಷ್ ತಂಡದ ಹೊಣೆಯನ್ನು ತಾವೇ ವಹಿಸಿಕೊಳ್ಳತೊಡಗಿದರು. ಇಬ್ಬರ ನಡುವೆ ವಿರಸ ಬೆಳೆಯಿತು. ಫೆಬ್ರವರಿ 1981ರಲ್ಲಿ ರಾಸ್ಕಿನ್ ಜಾಬ್ಸ್ ಅವರ ಕಾರ್ಯವೈಖರಿಯ ಬಗ್ಗೆ ಆಗಿನ ಅಧ್ಯಕ್ಷ ಮೈಕ್ ಸ್ಕಾಟ್ ಅವರಿಗೆ ಲಿಖಿತ ದೂರು ಸಲ್ಲಿಸಿದರು. ಆದರೆ ಯೋಜನೆ ಅವರ ಕೈತಪ್ಪಿತು. 1982ರ ಮೊದಲ ತಿಂಗಳುಗಳಲ್ಲಿ ಅವರು ಆಪಲ್ ಸಂಸ್ಥೆಯನ್ನು ತೊರೆದರು. ಜನವರಿ 24, 1984ರಂದು ಬಿಡುಗಡೆಯಾದ ಮ್ಯಾಕಿಂಟಾಷ್‌ನ ಬೆಲೆ 2,495 ಡಾಲರ್. ಹೆಸರು, ಒಂದೇ ಪೆಟ್ಟಿಗೆಯ ಕಲ್ಪನೆ ಮತ್ತು ಜನಸಾಮಾನ್ಯರಿಗಾಗಿ ಎಂಬ ಆಶಯ ರಾಸ್ಕಿನ್ ಅವರಿಂದ ಬಂದವು. ಮೌಸ್, ಪ್ರಬಲ ಸಂಸ್ಕಾರಕ ಮತ್ತು ವಿಂಡೋಗಳ ವಿನ್ಯಾಸ ಬೇರೆಯವರಿಂದ ಬಂದವು. ಮ್ಯಾಕಿಂಟಾಷ್‌ನ ಜನಕ ಯಾರೆಂಬ ವಿಷಯದಲ್ಲಿ ಸಹೋದ್ಯೋಗಿಗಳ ನಡುವೆ ಒಮ್ಮತವಿಲ್ಲ.

ಕ್ಯಾನನ್ ಕ್ಯಾಟ್

ಆಪಲ್ ಬಿಟ್ಟ ಮೇಲೆ ರಾಸ್ಕಿನ್ 'ಇನ್ಫರ್ಮೇಷನ್ ಅಪ್ಲಯನ್ಸ್' ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿ ಮೊದಲು ಆಪಲ್-2ಇ ಯಂತ್ರಕ್ಕೆ ಜೋಡಿಸಬಹುದಾದ 'ಸ್ವಿಫ್ಟ್‌ಕಾರ್ಡ್' ಸಿದ್ಧವಾಯಿತು. ಅನಂತರ ಅವರ ವಿನ್ಯಾಸವನ್ನು ಜಪಾನಿನ ಕ್ಯಾನನ್ ಸಂಸ್ಥೆಯು 1987ರಲ್ಲಿ 'ಕ್ಯಾನನ್ ಕ್ಯಾಟ್' ಎಂಬ ಹೆಸರಿನಲ್ಲಿ 1,495 ಡಾಲರ್ ಬೆಲೆಗೆ ಮಾರುಕಟ್ಟೆಗೆ ತಂದಿತು.

ಈ ಯಂತ್ರದಲ್ಲಿ ಮೌಸ್ ಇರಲಿಲ್ಲ, ಚಿತ್ರಸಂಕೇತಗಳಿರಲಿಲ್ಲ, ಒಂದರ ಮೇಲೊಂದು ಬೀಳುವ ವಿಂಡೋಗಳೂ ಇರಲಿಲ್ಲ. ಬರೆದುದೆಲ್ಲ ಒಂದೇ ಉದ್ದನೆಯ ಪಠ್ಯವಾಗಿ ಉಳಿಯುತ್ತಿತ್ತು. ಪತ್ರ, ಲೆಕ್ಕ, ವಿಳಾಸಪಟ್ಟಿ ಎಲ್ಲವೂ ಅದರಲ್ಲೇ ಇರುತ್ತಿದ್ದವು. ಬೇಕಾದ ಸ್ಥಳವನ್ನು ತಲಪಲು ಕೀಲಿಮಣೆಯ ಕೆಳಭಾಗದಲ್ಲಿ 'ಲೀಪ್' ಎಂಬ ಎರಡು ಕೀಲಿಗಳಿದ್ದವು. ಅವುಗಳಲ್ಲೊಂದನ್ನು ಹೆಬ್ಬೆರಳಿನಿಂದ ಒತ್ತಿಹಿಡಿದು ಹುಡುಕುವ ಪದದ ಅಕ್ಷರಗಳನ್ನು ಒತ್ತಿದರೆ ಕರ್ಸರ್ ಅಲ್ಲಿಗೆ ಜಿಗಿಯುತ್ತಿತ್ತು. ಒಂದು ಕೀಲಿ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಒಯ್ಯುತ್ತಿತ್ತು.

ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿದಾಗ ಹಿಂದೆ ಬಿಟ್ಟಿದ್ದ ಸ್ಥಳವೇ ಪರದೆಯ ಮೇಲೆ ಕೂಡಲೆ ಕಾಣಿಸಿಕೊಳ್ಳುತ್ತಿತ್ತು. ಒಂದು ಕೆಲಸದಿಂದ ಇನ್ನೊಂದಕ್ಕೆ ಮನಸ್ಸನ್ನು ಸಿದ್ಧಗೊಳಿಸಿಕೊಳ್ಳಲು ಮನುಷ್ಯನಿಗೆ ಸುಮಾರು 10 ಸೆಕೆಂಡು ಬೇಕಾಗುತ್ತದೆ. ಕ್ಯಾಟ್ ತನ್ನ ತಟ್ಟೆಯಿಂದ ಎಲ್ಲವನ್ನೂ ಓದಿಕೊಳ್ಳಲು 7 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಹೀಗೆ ಮನುಷ್ಯ ಸಿದ್ಧನಾಗುವುದರೊಳಗೆ ಯಂತ್ರವೂ ಸಿದ್ಧವಾಗಿರುತ್ತಿದ್ದುದರಿಂದ ಕಾದಂತೆ ಅನಿಸುತ್ತಿರಲಿಲ್ಲ.

ಸುಮಾರು 20,000 ಯಂತ್ರಗಳು ಮಾರಾಟವಾದವು. ಬಿಡುಗಡೆಯಾದ ಕೆಲವೇ ತಿಂಗಳುಗಳಲ್ಲಿ ಕ್ಯಾನನ್ ಅದರ ತಯಾರಿಕೆಯನ್ನು ನಿಲ್ಲಿಸಿತು. ರಾಸ್ಕಿನ್ ಎರಡನೆಯ ಬಾರಿ ತಮ್ಮ ಕನಸಿನ ಯಂತ್ರವನ್ನು ಕಳೆದುಕೊಂಡರು.

ಗಮನದ ನೆಲೆ

ಇದಾದ ಮೇಲೆ ರಾಸ್ಕಿನ್ ತಮ್ಮ ಅನುಭವವನ್ನು ಸಿದ್ಧಾಂತದ ರೂಪದಲ್ಲಿ ಬರೆಯಲು ತೊಡಗಿದರು. 'ದಿ ಹ್ಯೂಮೇನ್ ಇಂಟರ್‌ಫೇಸ್' ಅದರ ಫಲ. ಇಂಟರ್‌ಫೇಸ್ ಎಂದರೆ ಮನುಷ್ಯ ಮತ್ತು ಯಂತ್ರದ ನಡುವಿನ ಸಂಪರ್ಕದ ವಿಧಾನ.

ಈ ಕೃತಿಯ ಮೂಲ ಪರಿಕಲ್ಪನೆ 'ಗಮನದ ನೆಲೆ'. ಎಚ್ಚರದಲ್ಲಿರುವ ಮನುಷ್ಯನು ಯಾವುದನ್ನು ಕುರಿತು ಆ ಕ್ಷಣದಲ್ಲಿ ಪ್ರಜ್ಞಾಪೂರ್ವಕವಾಗಿ ಯೋಚಿಸುತ್ತಿರುವನೋ ಅದು ಅವನ ಗಮನದ ನೆಲೆ. ಅಂಥ ನೆಲೆ ಒಂದು ಹೊತ್ತಿಗೆ ಒಂದೇ ಇರುತ್ತದೆ. ಅದನ್ನು ಇಚ್ಛೆಯಿಂದ ಬದಲಿಸಬಹುದು. ಹಠಾತ್ತಾಗಿ ಕೇಳಿದ ಸದ್ದು ಅಥವಾ ಕಂಡ ಚಲನೆಯೂ ಅದನ್ನು ಸೆಳೆಯಬಲ್ಲದು. ಕೆಲಸದಲ್ಲಿ ಹೆಚ್ಚು ಮಗ್ನರಾದಷ್ಟೂ ಸುತ್ತಲಿನ ಬದಲಾವಣೆಗಳು ಕಾಣದೆ ಹೋಗುತ್ತವೆ.

ಹಾಗಾದರೆ ಏಕಕಾಲದಲ್ಲಿ ಹಲವು ಕೆಲಸಗಳನ್ನು ಮಾಡುವುದು ಹೇಗೆ? ರೂಢಿಯಾದ ಕೆಲಸಗಳು ಗಮನವನ್ನು ಬೇಡುವುದಿಲ್ಲ ಎಂಬುದು ರಾಸ್ಕಿನ್ ನೀಡುವ ಸಮಾಧಾನ. ನಡೆಯುತ್ತ ಮಾತನಾಡಬಹುದು, ಏಕೆಂದರೆ ನಡೆಯುವುದು ರೂಢಿ. ಗಮನ ಬೇಡುವ ಎರಡು ಕೆಲಸಗಳನ್ನು ಒಟ್ಟಿಗೆ ಮಾಡುವಂತೆ ತೋರಿದರೂ ಮನಸ್ಸು ವಾಸ್ತವವಾಗಿ ಒಂದರಿಂದ ಇನ್ನೊಂದಕ್ಕೆ ಓಡಾಡುತ್ತಿರುತ್ತದೆ, ಮತ್ತು ಪ್ರತಿ ಓಡಾಟಕ್ಕೂ ಕಾಲ ತಗಲುತ್ತದೆ.

ಮೋಡ್‌ಗಳು

ಒಂದೇ ಕೀಲಿಯನ್ನು ಒತ್ತಿದಾಗ ಯಂತ್ರವು ಒಮ್ಮೆ ಒಂದು ಬಗೆಯಲ್ಲೂ ಇನ್ನೊಮ್ಮೆ ಬೇರೆ ಬಗೆಯಲ್ಲೂ ವರ್ತಿಸಿದರೆ, ಮತ್ತು ಯಂತ್ರದ ಆಗಿನ ಸ್ಥಿತಿಯು ಬಳಸುವವನ ಗಮನದ ನೆಲೆಯಲ್ಲಿಲ್ಲದಿದ್ದರೆ, ಅದನ್ನು ರಾಸ್ಕಿನ್ 'ಮೋಡ್' ಎಂದು ಕರೆದರು. ಕ್ಯಾಪ್ಸ್ ಲಾಕ್ ಕೀಲಿ ಇದಕ್ಕೆ ಪರಿಚಿತ ಉದಾಹರಣೆ. ಒಂದೇ ಕೀಲಿಮಣೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಬೆರಳಚ್ಚಿಸುವವರಿಗೂ ಈ ತೊಡಕು ಚೆನ್ನಾಗಿ ತಿಳಿದಿದೆ: ಭಾಷೆ ಬದಲಾಯಿಸಿದ್ದು ಮರೆತು ಒಂದು ಸಾಲು ಬರೆದ ಮೇಲೆ ತಲೆಯೆತ್ತಿ ನೋಡಿದರೆ ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳಿರುತ್ತವೆ.

ಸ್ಥಿತಿಯನ್ನು ಸೂಚಿಸುವ ದೀಪವನ್ನೋ ಗುರುತನ್ನೋ ಪರದೆಯ ಮೂಲೆಯಲ್ಲಿಟ್ಟರೆ ಸಾಲದು. ಗಮನ ಬರೆಯುತ್ತಿರುವ ವಾಕ್ಯದಲ್ಲಿರುವಾಗ ಕಣ್ಣು ಮೂಲೆಗೆ ಹೋಗುವುದಿಲ್ಲ. ಇದಕ್ಕೆ ರಾಸ್ಕಿನ್ ಸೂಚಿಸಿದ ಪರಿಹಾರ 'ಕ್ವಾಸಿಮೋಡ್': ಶಿಫ್ಟ್ ಕೀಲಿಯಂತೆ, ಒತ್ತಿಹಿಡಿದಿರುವಷ್ಟು ಹೊತ್ತು ಮಾತ್ರ ಸ್ಥಿತಿ ಬದಲಾಗುವುದು. ಬೆರಳಿನ ಸ್ನಾಯುಗಳೇ ಸ್ಥಿತಿಯನ್ನು ನೆನಪಿಸುತ್ತಿರುತ್ತವೆ. 1992ರಲ್ಲಿ ಅಬಿಗೇಲ್ ಸೆಲೆನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವು ಇದನ್ನು ಸಮರ್ಥಿಸಿತು. ಕಾಲಿನಿಂದ ಪೆಡಲನ್ನು ಒತ್ತಿಹಿಡಿದು ಕೆಲಸ ಮಾಡಿದಾಗ, ಕೇವಲ ಕಣ್ಣಿಗೆ ಕಾಣುವ ಸೂಚನೆ ಇದ್ದಾಗಿಗಿಂತ ತಪ್ಪುಗಳು ಕಡಿಮೆಯಾದವು.

ವಿಂಡೋ ಫೋಕಸ್ ಮತ್ತು ಬಹುಕಾರ್ಯ

ಪರದೆಯ ಮೇಲೆ ಹಲವು ವಿಂಡೋಗಳು ತೆರೆದಿರುವಾಗ ಕೀಲಿಮಣೆಯ ಅಕ್ಷರಗಳು ಅವುಗಳಲ್ಲಿ ಒಂದಕ್ಕೆ ಮಾತ್ರ ಸೇರುತ್ತವೆ. ಆ ವಿಂಡೋಗೆ 'ಫೋಕಸ್' ಇದೆ ಎನ್ನುತ್ತಾರೆ. ರಾಸ್ಕಿನ್ ಅವರ ವ್ಯಾಖ್ಯೆಯನ್ನು ಅನ್ವಯಿಸಿ ನೋಡಿದರೆ ಫೋಕಸ್ ಕೂಡ ಒಂದು ಮೋಡ್. ಯಂತ್ರದ ಫೋಕಸ್ ಒಂದು ವಿಂಡೋದಲ್ಲಿ, ಮನುಷ್ಯನ ಗಮನ ಇನ್ನೊಂದರಲ್ಲಿ ಇದ್ದಾಗ ತಪ್ಪು ಸಂಭವಿಸುತ್ತದೆ.

ಮೊದಲ ಮ್ಯಾಕಿಂಟಾಷ್ ಒಂದು ಹೊತ್ತಿಗೆ ಒಂದೇ ಮುಖ್ಯ ತಂತ್ರಾಂಶವನ್ನು ನಡೆಸುತ್ತಿದ್ದುದರಿಂದ ಈ ತೊಡಕು ಅಲ್ಪಪ್ರಮಾಣದಲ್ಲಿತ್ತು. 1985ರ 'ಸ್ವಿಚರ್' ಮತ್ತು 1987ರ 'ಮಲ್ಟಿಫೈಂಡರ್' ತಂತ್ರಾಂಶಗಳು ಬಂದ ಮೇಲೆ ಹಲವು ತಂತ್ರಾಂಶಗಳನ್ನು ಒಟ್ಟಿಗೆ ತೆರೆದಿಡುವುದು ಸಾಧ್ಯವಾಯಿತು.

ಫೋಕಸ್ ನೀಡುವುದರಲ್ಲಿ ಮುಖ್ಯವಾಗಿ ಎರಡು ಪದ್ಧತಿಗಳಿವೆ. ಮ್ಯಾಕಿಂಟಾಷ್ ಮತ್ತು ಮೈಕ್ರೋಸಾಫ್ಟ್ ವಿಂಡೋಸ್‌ಗಳಲ್ಲಿ ವಿಂಡೋದ ಮೇಲೆ ಕ್ಲಿಕ್ ಮಾಡಿದರೆ ಮಾತ್ರ ಫೋಕಸ್ ಬರುತ್ತದೆ ಮತ್ತು ಆ ವಿಂಡೋ ಸಾಮಾನ್ಯವಾಗಿ ಮೇಲಕ್ಕೆ ಬರುತ್ತದೆ. 1984ರಲ್ಲಿ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಆರಂಭವಾದ ಎಕ್ಸ್ ವಿಂಡೋ ವ್ಯವಸ್ಥೆಯು ಇದನ್ನು ಬಳಸುವವರ ಆಯ್ಕೆಗೆ ಬಿಟ್ಟಿತು. ಯುನಿಕ್ಸ್ ಬಳಸುವ ಅನೇಕರು ಮೌಸ್ ಹೋದಲ್ಲಿಗೆ ಫೋಕಸ್ ಹೋಗುವ ಪದ್ಧತಿಯನ್ನು ಮೆಚ್ಚಿದರು. ಅದರಲ್ಲಿ ಮೇಲಿರುವ ವಿಂಡೋದಲ್ಲಿ ಓದುತ್ತ, ಅರ್ಧ ಮುಚ್ಚಿಹೋಗಿರುವ ಕೆಳಗಿನ ವಿಂಡೋದಲ್ಲಿ ಬರೆಯಬಹುದು, ಕ್ಲಿಕ್ಕುಗಳೂ ಉಳಿಯುತ್ತವೆ. ಆದರೆ ಕೈತಗಲಿ ಮೌಸ್ ಸ್ವಲ್ಪ ಸರಿದರೂ ಅಕ್ಷರಗಳು ಬೇರೆಡೆಗೆ ಹೋಗುತ್ತವೆ. ಕ್ಲಿಕ್ ಪದ್ಧತಿಯಲ್ಲಿ ಈ ಅಪಾಯ ಕಡಿಮೆ. ಪ್ರತಿ ಬದಲಾವಣೆಗೂ ಒಂದು ಕ್ರಿಯೆ ಹೆಚ್ಚು.

ಎರಡರಲ್ಲೂ ಫೋಕಸನ್ನು ಬದಲಿಸುವವನು ಬಳಸುವವನೇ. ಯಂತ್ರವೇ ಬದಲಿಸಿದಾಗ ಹಾನಿ ಹೆಚ್ಚು. ಬರೆಯುತ್ತಿರುವ ನಡುವೆ ಬೇರೊಂದು ತಂತ್ರಾಂಶವು ಪ್ರಶ್ನೆಯ ಪೆಟ್ಟಿಗೆಯನ್ನು ಮುಂದೆ ತಂದರೆ, ವಾಕ್ಯದ ಭಾಗವಾಗಿ ಒತ್ತಿದ ಎಂಟರ್ ಕೀಲಿಯು ಓದದ ಪ್ರಶ್ನೆಗೆ ಒಪ್ಪಿಗೆಯಾಗಿಬಿಡುತ್ತದೆ. ಗುಪ್ತಪದ ಬೇರೆ ವಿಂಡೋದಲ್ಲಿ ಬಹಿರಂಗವಾಗಿ ಮೂಡಬಹುದು. ಅದಕ್ಕಿಂತ ಹೆಚ್ಚಿನ ನಷ್ಟವೆಂದರೆ ಕಡಿದುಹೋದ ಆಲೋಚನೆ. ಅದನ್ನು ಮತ್ತೆ ಕೂಡಿಸಿಕೊಳ್ಳಲು ತಗಲುವ ಕಾಲ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಈ ಕಾರಣದಿಂದ 1990ರ ದಶಕದ ಕೊನೆಯಿಂದ ಮೈಕ್ರೋಸಾಫ್ಟ್ ವಿಂಡೋಸ್ ಇದಕ್ಕೆ ನಿರ್ಬಂಧ ಹಾಕಿತು: ಹಿನ್ನೆಲೆಯಲ್ಲಿರುವ ತಂತ್ರಾಂಶವು ಮುಂದೆ ಬರಲೆತ್ನಿಸಿದರೆ ಪರದೆಯಂಚಿನ ಪಟ್ಟಿಯಲ್ಲಿ ಅದರ ಗುಂಡಿ ಮಾತ್ರ ಮಿನುಗುತ್ತದೆ. ಲಿನಕ್ಸ್‌ನ ಕೆಡಿಇ ಪರಿಸರದಲ್ಲೂ ಫೋಕಸ್ ಅಪಹರಣವನ್ನು ತಡೆಯುವ ಆಯ್ಕೆಯಿದೆ.

ಖಾತ್ರಿ ಕೇಳುವ ಪ್ರಶ್ನೆಗಳಿಂದ ಪ್ರಯೋಜನವಿಲ್ಲ ಎಂಬುದೂ ರಾಸ್ಕಿನ್ ಅವರ ವಾದ. ಮತ್ತೆ ಮತ್ತೆ ಹೌದು ಎಂದು ಒತ್ತುವುದು ರೂಢಿಯಾಗಿ, ಅಳಿಸುವ ಕ್ರಿಯೆಯ ಅಂಗವೇ ಆಗಿಬಿಡುತ್ತದೆ. ಪ್ರಶ್ನೆ ಕೇಳುವ ಬದಲು ಮಾಡಿದ್ದನ್ನು ಹಿಂದಕ್ಕೆ ಪಡೆಯುವ ಸೌಲಭ್ಯ ಯಾವಾಗಲೂ ಇರಬೇಕು. ಬಳಸುವವನ ಕೆಲಸಕ್ಕೆ ಯಂತ್ರದಿಂದ ಹಾನಿಯಾಗಬಾರದು ಮತ್ತು ಅವನ ಕಾಲ ವ್ಯರ್ಥವಾಗಬಾರದು ಎಂಬ ಎರಡು ನಿಯಮಗಳನ್ನು ಅವರು ವಿನ್ಯಾಸಕಾರರ ಮುಂದಿಟ್ಟರು.

ವಿಮರ್ಶೆ

ರಾಸ್ಕಿನ್ ಅವರ ಎಲ್ಲ ಸೂಚನೆಗಳೂ ಒಪ್ಪಿಗೆ ಪಡೆಯಲಿಲ್ಲ. ಬೇರೆ ಬೇರೆ ತಂತ್ರಾಂಶಗಳೇ ಇರಬಾರದು, ಕಡತಗಳಿಗೆ ಹೆಸರುಗಳು ಬೇಡ ಎಂಬ ವಾದಗಳು ಕಂಪ್ಯೂಟರ್ ಉದ್ಯಮದ ವ್ಯವಹಾರಕ್ಕೆ ಹೊಂದಲಿಲ್ಲ. ಚಿತ್ರ, ಧ್ವನಿ ಮತ್ತು ಚಲನಚಿತ್ರಗಳ ಕೆಲಸಕ್ಕೆ ಪಠ್ಯಪ್ರಧಾನ ವಿನ್ಯಾಸ ಸಾಲದೆಂಬ ಆಕ್ಷೇಪವೂ ಇದೆ. ಜನರು ಸಹಜವೆಂದು ಕರೆಯುವುದು ವಾಸ್ತವವಾಗಿ ಪರಿಚಿತವಾದುದನ್ನು ಮಾತ್ರ ಎಂದು ಅವರು 1994ರ ಲೇಖನವೊಂದರಲ್ಲಿ ತೋರಿಸಿದ್ದರು. ಪರಿಚಿತವಲ್ಲದ ಅವರ ಯಂತ್ರಗಳು ಜನಪ್ರಿಯವಾಗದಿರಲು ಅದೂ ಒಂದು ಕಾರಣವಾಯಿತು.

ಇತರ ಆಸಕ್ತಿಗಳು

ರಾಸ್ಕಿನ್ ಆರ್ಗನ್ ಮತ್ತು ರೆಕಾರ್ಡರ್ ವಾದ್ಯಗಳನ್ನು ನುಡಿಸುತ್ತಿದ್ದರು. ಸ್ಯಾನ್ ಫ್ರಾನ್ಸಿಸ್ಕೊದ ಚೇಂಬರ್ ಆಪೆರಾ ತಂಡವನ್ನು ನಿರ್ದೇಶಿಸಿದ್ದರು. ರೇಡಿಯೊ ನಿಯಂತ್ರಿತ ಮಾದರಿ ವಿಮಾನಗಳನ್ನು ವಿನ್ಯಾಸಗೊಳಿಸಿ ಮಾರುತ್ತಿದ್ದರು. ವಿಮಾನದ ರೆಕ್ಕೆ ಗಾಳಿಯಲ್ಲಿ ಮೇಲೇಳುವುದಕ್ಕೆ ಪಠ್ಯಪುಸ್ತಕಗಳು ನೀಡುವ ವಿವರಣೆಯನ್ನು ಪ್ರಶ್ನಿಸಿ ಲೇಖನ ಬರೆದರು.

ಕೊನೆಯ ವರ್ಷಗಳು

2000ದ ನಂತರ ರಾಸ್ಕಿನ್ ತಮ್ಮ ತತ್ತ್ವಗಳನ್ನು ಮತ್ತೊಮ್ಮೆ ತಂತ್ರಾಂಶದಲ್ಲಿ ಮೂಡಿಸಲು ಯತ್ನಿಸಿದರು. 'ದಿ ಹ್ಯೂಮೇನ್ ಎನ್ವಿರಾನ್‌ಮೆಂಟ್' ಎಂಬ ಈ ಯೋಜನೆಗೆ ಜನವರಿ 2005ರಲ್ಲಿ 'ಆರ್ಕಿ' ಎಂದು ಹೊಸ ಹೆಸರು ಬಂದಿತು. ಅಷ್ಟರಲ್ಲಿ ಅವರಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ತಗಲಿತ್ತು. ಫೆಬ್ರವರಿ 26, 2005ರಂದು ಕ್ಯಾಲಿಫೋರ್ನಿಯದ ಪ್ಯಾಸಿಫಿಕದಲ್ಲಿ ಅವರು ನಿಧನರಾದರು. ಆಗ ಅವರ ವಯಸ್ಸು 61. ಪತ್ನಿ ಮತ್ತು ಮೂವರು ಮಕ್ಕಳನ್ನು ಅಗಲಿದರು. ಆರ್ಕಿ ಪೂರ್ಣಗೊಳ್ಳಲಿಲ್ಲ.

ಪ್ರಭಾವ

ರಾಸ್ಕಿನ್ ಅವರ ಮಗ ಏಜ಼ ರಾಸ್ಕಿನ್ ತಂದೆಯ ವಿಚಾರಗಳನ್ನು ಮುಂದುವರಿಸಿದರು. ಸಂಗಡಿಗರೊಡನೆ ಅವರು ಸ್ಥಾಪಿಸಿದ 'ಹ್ಯೂಮನೈಜ್ಡ್' ಸಂಸ್ಥೆಯು 'ಎನ್ಸೊ' ಎಂಬ ತಂತ್ರಾಂಶವನ್ನು ಹೊರತಂದಿತು. ಅದರಲ್ಲಿ ಕ್ಯಾಪ್ಸ್ ಲಾಕ್ ಕೀಲಿಯನ್ನು ಒತ್ತಿಹಿಡಿದು, ಇರುವ ವಿಂಡೋವನ್ನು ಬಿಡದೆಯೇ ಬೇರೆ ಕೆಲಸಗಳ ಆಜ್ಞೆಗಳನ್ನು ನೀಡಬಹುದಾಗಿತ್ತು.

ಅಕ್ಷರ ಒತ್ತಿದಂತೆಲ್ಲ ಹುಡುಕಾಟ ಮುಂದುವರಿಯುವುದು, ಬರೆದದ್ದು ತಾನಾಗಿಯೇ ಉಳಿಯುವುದು, ಯಂತ್ರವನ್ನು ತೆರೆದೊಡನೆ ಬಿಟ್ಟ ಸ್ಥಳ ಕಾಣುವುದು ಇಂದಿನ ಸಾಧನಗಳಲ್ಲಿ ಸಾಮಾನ್ಯವಾಗಿವೆ. ಕ್ಯಾನನ್ ಕ್ಯಾಟ್‌ನಲ್ಲಿ ಇವು 1987ರಲ್ಲೇ ಇದ್ದವು. ಬಳಸುವವನು ಬರೆಯುತ್ತಿರುವ ಜಾಗದಿಂದ ಅವನ ಅನುಮತಿಯಿಲ್ಲದೆ ಫೋಕಸನ್ನು ಕಸಿಯದಿರುವ ವಿಷಯದಲ್ಲಿ ಮಾತ್ರ ಅನೇಕ ತಂತ್ರಾಂಶಗಳು ಇಂದಿಗೂ ಹಿಂದುಳಿದಿವೆ.